ಕಲಬುರಗಿ ಬಿಸಿಲು, ಆರ್‌ಟಿಎಕ್ಸ್ 3080, ಮೆಮರಿ 108 ಡಿಗ್ರಿ: ವಾಟರ್ ಕೂಲಿಂಗ್ ಹಾಕಿಸಲಾ?

ತೊಗರಿ_ಕಣಜ
ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ. ಕೋಣೆ ಮಹಡಿ ಮೇಲೆ, ತಲೆ ಮೇಲೆ ನೇರ ಆರ್‌ಸಿಸಿ. ಮಧ್ಯಾಹ್ನ ಮೂರಕ್ಕೆ ಕೋಣೆಯೊಳಗೇ 38 ಡಿಗ್ರಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ 3080 ಗ್ರಾಫಿಕ್ಸ್ ಕಾರ್ಡ್ ತಗೊಂಡೆ, 10 ಜಿಬಿಯದ್ದು. ಚಳಿಗಾಲದಲ್ಲಿ ಏನೂ ತಕರಾರಿರಲಿಲ್ಲ. ಯುಗಾದಿ ಮುಗಿದ ಮೇಲೆ ಶುರುವಾಯಿತು.

3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ರೆಂಡರ್‌ಗೆ ಹಾಕಿ ಅರ್ಧ ಗಂಟೆ ಆದರೆ ಕೋರ್ (ನಡುವಿನ ಮುಖ್ಯ ಚಿಪ್ಪು) 83, ಹಾಟ್‌ಸ್ಪಾಟ್ (ಆ ಚಿಪ್ಪಿನ ಅತಿ ಬಿಸಿ ಜಾಗ) 105, ಮೆಮರಿ 108. ಫ್ಯಾನು ನೂರಕ್ಕೆ ನೂರು. ಕೆಳಗಿನಿಂದ ಅಮ್ಮ "ಆ ಗಿರಣಿ ಬಂದ್ ಮಾಡೋ" ಅಂತ ಕೂಗುತ್ತಾಳೆ. ನಿನ್ನೆ ಮೆಮರಿ 110 ಮುಟ್ಟಿತು, ಅಲ್ಲಿಂದ ಕಾರ್ಡು ತಾನೇ ವೇಗ ಇಳಿಸಿಕೊಂಡಿತು. 40 ಸೆಕೆಂಡಿಗೆ ಮುಗಿಯುತ್ತಿದ್ದ ಫ್ರೇಮು ಒಂದು ನಿಮಿಷ ದಾಟಿತು.

ಕೈಯಲ್ಲಿ 25 ಸಾವಿರ ಇದೆ. ವಾಟರ್ ಕೂಲಿಂಗ್ ಹಾಕಿಸಿಬಿಡಲಾ? ಇನ್ನೇನಾದರೂ ದಾರಿ ಇದ್ದರೆ ಹೇಳಿ.

ಮಲ್ಲಿಗೆ_ಇಡ್ಲಿ
ಮಾರಿಬಿಡಿ. ಸುಮ್ನೆ ತಲೆನೋವು.

ಬೆಸುಗೆ_ಅಜ್ಜ
ಮಾರುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆ. ಕ್ಯಾಬಿನೆಟ್ ಯಾವ ಥರದ್ದು, ಮುಂದೆ ಗಾಜೋ ಜಾಲರಿಯೋ? ಎಷ್ಟು ಫ್ಯಾನಿವೆ? ಕಾರ್ಡನ್ನು ಯಾರಾದರೂ ಬಿಚ್ಚಿದ ಗುರುತಿದೆಯಾ? ವೋಲ್ಟೇಜಿಗೆ ಕೈ ಹಾಕಿದ್ದೀರಾ?

ನೀವು ಕೊಟ್ಟ ಅಂಕಿಯಲ್ಲೇ ಅರ್ಧ ಉತ್ತರ ಇದೆ. ಕೋರ್‌ಗೂ ಹಾಟ್‌ಸ್ಪಾಟ್‌ಗೂ 22 ಡಿಗ್ರಿ ಅಂತರ. ಆರೋಗ್ಯವಾಗಿರುವ ಕಾರ್ಡಿನಲ್ಲಿ ಇದು ಹತ್ತರಿಂದ ಹದಿನೈದರೊಳಗೆ ಇರುತ್ತದೆ. 20 ದಾಟಿತು ಅಂದರೆ ಚಿಪ್ಪಿಗೂ ಅದರ ಶಾಖ ಎಳೆಯುವ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟು ಒಣಗಿದೆ, ಇಲ್ಲಾ ಚಿಪ್ಪಿನ ಅಂಚಿಗೆ ಸರಿದುಹೋಗಿದೆ. ಮೆಮರಿ 108 ಅಂದರೆ ಮೆಮರಿಯ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆ ಪ್ಯಾಡುಗಳೂ ಸತ್ತಿವೆ. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮರಿ ಮೊದಲೇ ಬಿಸಿ ಜಾತಿ. 110ಕ್ಕೆ ವೇಗ ಕಡಿಮೆ ಮಾಡಿಕೊಳ್ಳುವುದು ಅದರ ರಕ್ಷಣೆ, ಅದರಲ್ಲಿ ತಪ್ಪಿಲ್ಲ.

ಕೊಳಾಯಿ_ಕೆಲಸ
ನಾನು ಬೆಂಗಳೂರಿನಲ್ಲಿ ಇದೇ 3080ಗೆ ಕಸ್ಟಮ್ ಲೂಪ್, ಅಂದರೆ ಬಿಡಿ ಸಾಮಾನು ಜೋಡಿಸಿದ ವಾಟರ್ ಕೂಲಿಂಗ್, ಹಾಕಿ ಮೂರು ವರ್ಷ ಆಯಿತು. ಕಾರ್ಡಿನ ಮೇಲೆ ನೀರು ಹರಿಯುವ ಪೂರ್ತಿ ಬ್ಲಾಕು, 360 ಮತ್ತು 240 ಎಂಎಂನ ಎರಡು ರೇಡಿಯೇಟರು. ಕೋರ್ 52, ಮೆಮರಿ 70ರ ಆಸುಪಾಸು. ಶಬ್ದವೇ ಇಲ್ಲ. ಒಂದು ಸಲ ನೀರು ಹಾಕಿ ನೋಡಿದವನು ಗಾಳಿಗೆ ವಾಪಸ್ ಬರುವುದಿಲ್ಲ. ಕಣ್ಣು ಮುಚ್ಚಿ ಮಾಡಿಸಿ.

ಮಂಡ್ಯ_ಕಬ್ಬು
ಕಣ್ಣು ಮುಚ್ಚಿದರೆ ಜೇಬೂ ಖಾಲಿ ಆಗುತ್ತೆ ಸ್ವಾಮಿ. ನಿಮ್ಮ ಲೂಪಿಗೆ ಒಟ್ಟು ಎಷ್ಟಾಯಿತು ಅಂತ ಹೇಳಲೇ ಇಲ್ಲವಲ್ಲ.

ಕೊಳಾಯಿ_ಕೆಲಸ
ಹೆಂಡತಿ ಈ ಥ್ರೆಡ್ ಓದುತ್ತಾಳೆ. ಹೇಳುವುದಿಲ್ಲ.

ತೊಗರಿ_ಕಣಜ
ಅಜ್ಜಾ, ಮುಂದೆ ಪೂರ್ತಿ ಗಾಜು. ಮುಂದೆ ಮೂರು ಬಣ್ಣದ ಫ್ಯಾನು, ಹಿಂದೆ ಒಂದು. ಗಾಜಿಗೂ ಫ್ಯಾನಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಕಾರ್ಡು ಹಿಂದೆ ಕ್ರಿಪ್ಟೋ ನಾಣ್ಯದ ಗಣಿಗಾರಿಕೆಯಲ್ಲಿತ್ತೋ ಏನೋ ಗೊತ್ತಿಲ್ಲ, ಮಾರಿದವರು "ಬರೀ ಗೇಮ್ ಆಡಿದ್ದು" ಅಂದರು. ವೋಲ್ಟೇಜ್ ಮುಟ್ಟಿಲ್ಲ, ಹೆದರಿಕೆ.

ಶಿರಸಿ_ಸೋಗೆ
"ಬರೀ ಗೇಮ್ ಆಡಿದ್ದು" 😂 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಗಣಿಗಾರಿಕೆ ನಿಂತ ಮೇಲೆ ಮಾರಾಟಕ್ಕೆ ಬಂದ ಕಾರ್ಡುಗಳೆಲ್ಲ ಬರೀ ಗೇಮ್ ಆಡಿದವೇ. ಮುದುಕಿ ಓಡಿಸಿದ ಮಾರುತಿ ಕಾರಿನ ಹಾಗೆ.

ತಮಾಷೆ ಬಿಡಿ, ಗಣಿಗಾರಿಕೆಯಲ್ಲಿದ್ದ ಮಾತ್ರಕ್ಕೆ ಕಾರ್ಡು ಕೆಟ್ಟಿರುವುದಿಲ್ಲ. ಆದರೆ ಮೆಮರಿ ಹಗಲೂ ರಾತ್ರಿ ಕಾದಿರುತ್ತದೆ. ಪ್ಯಾಡಿನಲ್ಲಿದ್ದ ಎಣ್ಣೆ ಸೋರಿ ಬೋರ್ಡಿಗೆ ಅಂಟಿರುತ್ತದೆ. ಬಿಚ್ಚಿದಾಗ ಜಿಡ್ಡು ಕಂಡರೆ ಗಾಬರಿ ಬೀಳಬೇಡಿ.

ಬೆಸುಗೆ_ಅಜ್ಜ
ಸರಿ, ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು. ಪಕ್ಕದ ಬಾಗಿಲು ತೆಗೆದಿಟ್ಟು ಅದೇ ರೆಂಡರನ್ನು ಅರ್ಧ ಗಂಟೆ ಓಡಿಸಿ. ಐದು ಡಿಗ್ರಿಗಿಂತ ಜಾಸ್ತಿ ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟುತ್ತಿದೆ ಅಂತ ಅರ್ಥ. ಇಳಿಯದಿದ್ದರೆ ತೊಂದರೆ ಕಾರ್ಡಿನೊಳಗೇ ಇದೆ.

ಕೋಣೆಯ ತಾಪವನ್ನೂ ಬರೆದಿಡಿ. ಕಾರ್ಡು ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಕೋಣೆಗಿಂತ ಎಷ್ಟು ಮೇಲಿದೆ ಅನ್ನುವುದು ಮುಖ್ಯ. ಕೊಳಾಯಿಯವರ 52 ಬೆಂಗಳೂರಿನ 27 ಡಿಗ್ರಿ ಕೋಣೆಯದ್ದು, ಅಲ್ವಾ? ಅಂದರೆ 25 ಮೇಲೆ. ಅದೇ ಲೂಪು ಕಲಬುರಗಿಯಲ್ಲಿ 63 ತೋರಿಸುತ್ತದೆ.

ಕೊಳಾಯಿ_ಕೆಲಸ
63 ಕೂಡ 83ಕ್ಕಿಂತ ವಾಸಿಯೇ ತಾನೇ?

ಬೆಸುಗೆ_ಅಜ್ಜ
ವಾಸಿಯೇ. ಕಾಯಿಲೆ ಪೇಸ್ಟಿಗೆ ಬಂದಿದ್ದರೆ ಪೇಸ್ಟಿಗೆ ಮದ್ದು ಮಾಡೋಣ ಅಂದೆ, ಅಷ್ಟೇ.

ಪಡುವಣ_ಗಾಳಿ
ನೀರಿನ ಬಗ್ಗೆ ನನ್ನದೊಂದು ಕಥೆ. ಮಂಗಳೂರು. 2021ರಲ್ಲಿ ಉಳಿತಾಯ ಮಾಡೋಣ ಅಂತ ಒಂದೊಂದೇ ಸಾಮಾನು ಬೇರೆ ಬೇರೆ ಕಡೆಯಿಂದ ತರಿಸಿದೆ. ಬ್ಲಾಕು ತಾಮ್ರದ್ದು. ರೇಡಿಯೇಟರು ಅಗ್ಗಕ್ಕೆ ಸಿಕ್ಕಿತು, ಅದು ಅಲ್ಯೂಮಿನಿಯಂ. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿ ಇದ್ದರೆ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು.

ಎಂಟು ತಿಂಗಳಿಗೆ ನೀರು ಗಂಜಿ ತಿಳಿಯ ಹಾಗೆ ಆಯಿತು. ಬ್ಲಾಕು ಬಿಚ್ಚಿದರೆ ಒಳಗಿನ ಸಣ್ಣ ಗೆರೆಗಳ ತುಂಬ ಬಿಳಿ ಲೋಳೆ. ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಭಾನುವಾರ ಪೂರ್ತಿ ಕೂತೆ. ಕಾರ್ಡು ಉಳಿಯಿತು, ರೇಡಿಯೇಟರು ಗುಜರಿಗೆ ಹೋಯಿತು. ಈಗ ಗಾಳಿಯಲ್ಲೇ ಇದ್ದೇನೆ. ಫ್ಯಾನು ಕೆಟ್ಟರೆ ಕಾರ್ಡು ಬಿಸಿಯಾಗುತ್ತದೆ, ಆಫ್ ಆಗುತ್ತದೆ. ಸೋರಿ ಮದರ್‌ಬೋರ್ಡ್ ಮೇಲೆ ಬೀಳುವುದಿಲ್ಲವಲ್ಲ.

ಮಂಡ್ಯ_ಕಬ್ಬು
ನೀರು ಯಾವುದು ಹಾಕಿದ್ದಿರಿ? ಮನೆ ಆರ್‌ಒ ನೀರು ನಡೆಯುತ್ತಾ?

ಪಡುವಣ_ಗಾಳಿ
ಬೇಡ. ಆರ್‌ಒದಲ್ಲೂ ಲವಣ ಉಳಿದಿರುತ್ತದೆ, ಕುಡಿಯಲು ರುಚಿ ಬರಲಿ ಅಂತ ಕೆಲವು ಮೆಷಿನ್ನು ತಿರುಗಿ ಖನಿಜ ಸೇರಿಸುತ್ತವೆ. ಡಿಸ್ಟಿಲ್ಡ್ ಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನಲ್ಲಿ ಲವಣ ತೆಗೆದಿರುತ್ತದೆ, ಅದನ್ನೂ ಬಳಸುವವರಿದ್ದಾರೆ. ಆದರೆ ಬ್ಯಾಟರಿ ಆಸಿಡ್ ಬೇರೆ, ಬ್ಯಾಟರಿ ನೀರು ಬೇರೆ, ಕ್ಯಾನ್ ಮೇಲೆ ಓದಿ ತನ್ನಿ. ಜೊತೆಗೆ ಪಾಚಿ ಕಟ್ಟದ ಔಷಧ, ತುಕ್ಕು ತಡೆಯುವ ಔಷಧ ಬೇಕೇ ಬೇಕು.

ತೊಗರಿ_ಕಣಜ
ಬಾಗಿಲು ತೆಗೆದು ಓಡಿಸಿದೆ. ಕೋಣೆ 38. ಕೋರ್ 83 ಇದ್ದದ್ದು 76. ಹಾಟ್‌ಸ್ಪಾಟ್ 98. ಮೆಮರಿ 105, ಬರೀ ಮೂರು ಇಳಿಯಿತು.

ಬೆಸುಗೆ_ಅಜ್ಜ
ಎರಡೂ ರೋಗ ಇದೆ. ಕೋರ್ ಏಳು ಇಳಿಯಿತು, ಅದು ಗಾಜಿನ ಪಾಪ. ಹಾಟ್‌ಸ್ಪಾಟಿನ ಅಂತರ ಮಾತ್ರ 22 ಇದ್ದದ್ದು 22ರಲ್ಲೇ ನಿಂತಿತು, ಮೆಮರಿ ಜಪ್ಪಯ್ಯ ಅನ್ನಲಿಲ್ಲ. ಅದು ಪೇಸ್ಟು, ಪ್ಯಾಡಿನ ಪಾಪ.

ಹರವಿ_ನೀರು
ನನ್ನದೊಂದು ಹುಚ್ಚು ವಿಚಾರ. ರಾಯಚೂರಿನವನು, ಬಿಸಿಲಿನ ಸಂಕಟ ನನಗೂ ಗೊತ್ತು. ಮಣ್ಣಿನ ಹರವಿಯಲ್ಲಿ ನೀರು ಎಷ್ಟು ತಣ್ಣಗಿರುತ್ತದೆ! ರೇಡಿಯೇಟರ್ ಬದಲು ಲೂಪನ್ನೇ ದೊಡ್ಡ ಹರವಿಗೆ ಬಿಟ್ಟರೆ? ಕೋಣೆಗಿಂತ ತಣ್ಣಗಿನ ನೀರು ಪುಕ್ಕಟೆ ಸಿಗುತ್ತೆ.

ಮಲ್ಲಿಗೆ_ಇಡ್ಲಿ
ಪಕ್ಕದಲ್ಲಿ ಒಂದು ನಿಂಬೆಹಣ್ಣೂ ಕಟ್ಟಿ.

ಅಂಕಗಣಿತ_ಮೇಷ್ಟ್ರು
ನಗಬೇಡಿ, ವಿಚಾರದಲ್ಲಿ ತಿರುಳಿದೆ. ಲೆಕ್ಕ ಹಾಕೋಣ.

3080 ತಿನ್ನುವುದು 320 ವ್ಯಾಟ್, ಅಷ್ಟೂ ಶಾಖವಾಗಿಯೇ ಹೊರಗೆ ಬರುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,180 ಜೂಲ್ ಬೇಕು. ಹರವಿಯಲ್ಲಿ 15 ಲೀಟರ್ ಇದೆ ಅಂದುಕೊಳ್ಳಿ. ಮೂರು ಕಾಲು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ, ಒಂದು ಗಂಟೆಗೆ ಸುಮಾರು 18. ಅಂದರೆ 28 ಡಿಗ್ರಿ ಇದ್ದ ಹರವಿ ಗಂಟೆ ಕಳೆಯುವುದರೊಳಗೆ ಸ್ನಾನದ ಹಂಡೆ.

ಹರವಿ ತಣ್ಣಗಾಗುವುದು ನೀರು ಆರಿ ಹೋಗುವುದರಿಂದ. 320 ವ್ಯಾಟನ್ನು ಹೊರಹಾಕಲು ಗಂಟೆಗೆ ಅರ್ಧ ಲೀಟರ್ ನೀರು ಆವಿಯಾಗಬೇಕು. ನಮ್ಮನೆ ಹರವಿ ಇಡೀ ದಿನಕ್ಕೆ ಒಂದು ತಂಬಿಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಆರುವುದು ಜಾಸ್ತಿಯಾಗುತ್ತದೆ ಅನ್ನುವುದು ನಿಜ, ಆದರೂ ಒಂದು ಹರವಿಗೆ ಆಗುವ ಮಾತಲ್ಲ. ಸಾಲಾಗಿ ಹತ್ತು ಇಟ್ಟರೆ ನೋಡೋಣ.

ಹರವಿ_ನೀರು
ಹತ್ತು ಹರವಿ ಇಟ್ಟರೆ ಮನೆಯಲ್ಲಿ ಮದುವೆ ಅಂತ ಜನ ಬರುತ್ತಾರೆ. ಬಿಟ್ಟೆ.

ಪಡುವಣ_ಗಾಳಿ
ಬಿಟ್ಟದ್ದು ಒಳ್ಳೆಯದಾಯಿತು. ಹರವಿ ಬಾಯಿ ತೆರೆದಿರುತ್ತದೆ, ಧೂಳು, ಪಾಚಿ, ಮಣ್ಣಿನ ಲವಣ ಎಲ್ಲ ಹೋಗಿ ಬ್ಲಾಕಿನಲ್ಲಿ ಕೂರುತ್ತದೆ. ಕರಾವಳಿಯಲ್ಲಿ ಯಾರಾದರೂ ಐಸ್ ಹಾಕಿ ಕೋಣೆಗಿಂತ ತುಂಬ ತಣ್ಣಗಿನ ನೀರು ಹರಿಸಿದರೆ ಪೈಪಿನ ಮೇಲೆ ಹನಿ ಕಟ್ಟುವುದೂ ಖಾತ್ರಿ.

ಉಕ್ಕಡ_ಹುಡುಗ
ಗೆಳೆಯರೇ, ವಾಟರ್ ಕೂಲಿಂಗ್ ಮಾಡಿದರೆ ಕೋಣೆಯೂ ತಣ್ಣಗಾಗುತ್ತಲ್ವಾ? ಅದಕ್ಕಾದರೂ ಹಾಕಿಸಬಹುದು.

ಅಂಕಗಣಿತ_ಮೇಷ್ಟ್ರು
ಆಗುವುದಿಲ್ಲ. 320 ವ್ಯಾಟ್ ಗಾಳಿಯಿಂದ ಬಂದರೂ ಅಷ್ಟೇ, ನೀರಿನಿಂದ ಬಂದರೂ ಅಷ್ಟೇ, ಕೊನೆಗೆ ಬೀಳುವುದು ಕೋಣೆಗೇ. ನೀರು ಬರೀ ಹಮಾಲಿ, ಮೂಟೆಯನ್ನು ಚಿಪ್ಪಿನಿಂದ ರೇಡಿಯೇಟರಿಗೆ ಸಾಗಿಸುತ್ತದೆ. ಕೋಣೆ ತಂಪಾಗಬೇಕು ಅಂದರೆ ಕಾರ್ಡು ತಿನ್ನುವುದನ್ನೇ ಕಡಿಮೆ ಮಾಡಬೇಕು.

ಶಿರಸಿ_ಸೋಗೆ
ಅಲ್ಲಿಗೆ ಬಂದಿರಿ ನೋಡಿ. ಅಂಡರ್‌ವೋಲ್ಟ್! ಎಲ್ಲರೂ ಸ್ಕ್ರೂಡ್ರೈವರ್ ಹುಡುಕುತ್ತಿದ್ದೀರಿ, ಇದಕ್ಕೆ ಮೌಸ್ ಸಾಕು.

ತೊಗರಿ, ಕಾರ್ಡಿನ ವೇಗ, ವೋಲ್ಟೇಜ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಪ್ರೋಗ್ರಾಂ ತೆಗೆಯಿರಿ. ಕಂಟ್ರೋಲ್ ಎಫ್ ಒತ್ತಿದರೆ ಒಂದು ಗೆರೆ ಬರುತ್ತದೆ, ಕೆಳಗೆ ವೋಲ್ಟೇಜ್, ಪಕ್ಕದಲ್ಲಿ ಮೆಗಾಹರ್ಟ್ಸ್. 850 ಮಿಲಿವೋಲ್ಟ್ ಚುಕ್ಕಿಯನ್ನು 1,800ಕ್ಕೆ ಎಳೆಯಿರಿ. ಅದರ ಬಲಕ್ಕಿರುವ ಚುಕ್ಕಿಗಳೆಲ್ಲ ಅದಕ್ಕಿಂತ ಮೇಲೆ ಹೋಗದ ಹಾಗೆ ಚಪ್ಪಟೆ ಮಾಡಿ, ಸರಿ ಗುರುತು ಒತ್ತಿ. ಸುಮಾರು 3080ಗಳು ಇದನ್ನು ಸಲೀಸಾಗಿ ತಡೆಯುತ್ತವೆ. ರೆಂಡರ್ ನಡುವೆ ಬಿದ್ದರೆ 1,770ಕ್ಕೆ ಇಳಿಸಿ. ಹೆದರಬೇಡಿ, ಇದು ವೋಲ್ಟೇಜ್ ಇಳಿಸುವುದು, ಏರಿಸುವುದಲ್ಲ. ಹೆಚ್ಚೆಂದರೆ ಪ್ರೋಗ್ರಾಂ ಬೀಳುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ತೊಗರಿ_ಕಣಜ
ಇದನ್ನು ಮೊದಲ ಉತ್ತರದಲ್ಲೇ ಯಾರೂ ಯಾಕೆ ಹೇಳಲಿಲ್ಲ!! 320 ವ್ಯಾಟ್ ಇದ್ದದ್ದು 255. ಬಾಗಿಲು ಮುಚ್ಚಿ ಓಡಿಸಿದರೂ ಕೋರ್ 75, ಹಾಟ್‌ಸ್ಪಾಟ್ 93, ಮೆಮರಿ 103. 40 ಸೆಕೆಂಡಿನ ಫ್ರೇಮು 42 ಆಯಿತು, ಅಷ್ಟೇ. ಅಮ್ಮ ಮೇಲೆ ಬಂದು "ಕರೆಂಟ್ ಹೋತೇನೋ?" ಅಂತ ಕೇಳಿದಳು.

ಮಂಡ್ಯ_ಕಬ್ಬು
ಅಮ್ಮನ ಕಿವಿಯೇ ಅಸಲಿ ಸೆನ್ಸರ್.

ಕೊಳಾಯಿ_ಕೆಲಸ
ಮೆಮರಿ ಇನ್ನೂ 103 ಇದೆ ಅನ್ನುವುದನ್ನು ಯಾರೂ ನೋಡುತ್ತಿಲ್ಲ. ನೀರಿನ ಪೂರ್ತಿ ಬ್ಲಾಕು ಮೆಮರಿಯನ್ನೂ ತಂಪು ಮಾಡುತ್ತದೆ.

ಬೆಸುಗೆ_ಅಜ್ಜ
ಪೂರ್ತಿ ಬ್ಲಾಕು ಮಾಡುತ್ತದೆ, ಒಪ್ಪಿದೆ. ಆದರೆ 25 ಸಾವಿರಕ್ಕೆ ಜನ ಹೆಚ್ಚಾಗಿ ಮಾಡುವುದು ಬೇರೆ. ಸಿಪಿಯುಗೆ ಬರುವ ಬಂದ್ ಡಬ್ಬಿಯ ಎಐಒ ಕೂಲರನ್ನು ಒಂದು ಬ್ರಾಕೆಟ್ ಹಾಕಿ ಕಾರ್ಡಿಗೆ ಕೂರಿಸುತ್ತಾರೆ. ಅದು ನಡುವಿನ ಚಿಪ್ಪನ್ನು ಮಾತ್ರ ಮುಟ್ಟುತ್ತದೆ. ಸುತ್ತಲಿನ ಮೆಮರಿ ಬೆತ್ತಲೆ. ಕೋರ್ 60 ತೋರಿಸಿ ಮಾಲೀಕ ಖುಷಿಯಾಗಿರುತ್ತಾನೆ, ಪಕ್ಕದಲ್ಲಿ ಮೆಮರಿ ಹಂಚಿನ ಮೇಲಿನ ರೊಟ್ಟಿ. ಇವರ ತೊಂದರೆ ಇರುವುದೇ ಮೆಮರಿಯಲ್ಲಿ.

ಕೊಳಾಯಿ_ಕೆಲಸ
ಅದು ಸರಿ. ಎಐಒ ನಾನೂ ಹೇಳಲ್ಲ. 3080ಗೆ 240ರ ರೇಡಿಯೇಟರು ನಿಮ್ಮ ಬಿಸಿಲಿಗೆ ಚಿಕ್ಕದೂ ಹೌದು.

ತೊಗರಿ_ಕಣಜ
ಹಾಗಾದರೆ ಬಿಚ್ಚುತ್ತೇನೆ. ಪ್ಯಾಡು ಎಷ್ಟು ದಪ್ಪದ್ದು ತರಿಸಲಿ?

ಉಕ್ಕಡ_ಹುಡುಗ
2 ಎಂಎಂ ತಗೊಳ್ಳಿ. ದಪ್ಪ ಇದ್ದಷ್ಟು ಒಳ್ಳೆಯದು, ಚೆನ್ನಾಗಿ ಒತ್ತುತ್ತದೆ.

*(ನಾಲ್ಕು ದಿನ ಬಿಟ್ಟು)*

ತೊಗರಿ_ಕಣಜ
ಕೆಲಸ ಕೆಟ್ಟಿತು. ಎಲ್ಲ ಕಡೆ 2 ಎಂಎಂ ಹಾಕಿದೆ, ಹೊಸ ಪೇಸ್ಟ್ ಹಚ್ಚಿದೆ. ಈಗ ಮೆಮರಿ 84, ಆದರೆ ಕೋರ್ 91, ಹಾಟ್‌ಸ್ಪಾಟ್ 112! ಎರಡು ನಿಮಿಷಕ್ಕೇ ಬಂದ್ ಮಾಡಿದೆ. ಕೈ ನಡುಗುತ್ತಿದೆ.

ಬೆಸುಗೆ_ಅಜ್ಜ
ಅಯ್ಯೋ, ನಾನು ಊರಲ್ಲಿರಲಿಲ್ಲ. ಕಾರ್ಡಿಗೆ ಏನೂ ಆಗಿಲ್ಲ, ನೀರು ಕುಡಿಯಿರಿ.

ಆದದ್ದು ಇಷ್ಟು. ಪ್ಯಾಡು ದಪ್ಪ ಆಯಿತು. ಹೀಟ್‌ಸಿಂಕ್ ಮೆಮರಿ ಪ್ಯಾಡುಗಳ ಮೇಲೆ ಕೂತು ನಿಂತುಬಿಟ್ಟಿತು, ನಡುವಿನ ಚಿಪ್ಪಿಗೆ ತಲುಪಲೇ ಇಲ್ಲ. ಮಂಚದ ನಾಲ್ಕು ಕಾಲಿನ ಕೆಳಗೆ ಇಟ್ಟಿಗೆ ಇಟ್ಟ ಹಾಗೆ. ಬಿಚ್ಚಿ ನೋಡಿ, ಚಿಪ್ಪಿನ ಮೇಲಿನ ಪೇಸ್ಟು ಹಚ್ಚಿದ ಹಾಗೇ ಗುಡ್ಡೆಯಾಗಿರುತ್ತದೆ, ಒತ್ತಿರುವುದಿಲ್ಲ.

ದಪ್ಪ ಒಂದೊಂದು ಕಂಪನಿಯ ಕಾರ್ಡಿಗೆ ಒಂದೊಂದು. ಒಂದೇ ಕಾರ್ಡಿನಲ್ಲೂ ಮೆಮರಿಗೆ ಒಂದು, ಚಿಪ್ಪಿಗೆ ಕರೆಂಟು ಹದಮಾಡಿ ಕೊಡುವ ವಿಆರ್‌ಎಂಗೆ ಒಂದು, ಹಿಂಬದಿಗೆ ಇನ್ನೊಂದು. 2 ಎಂಎಂ ಅಂತ ಹೇಳಿದ ಪುಣ್ಯಾತ್ಮ ಯಾರು?

ಉಕ್ಕಡ_ಹುಡುಗ
ನನ್ನ ಕಾರ್ಡಿಗೆ ಸರಿಹೋಗಿತ್ತು… ಕ್ಷಮಿಸಿ ಗುರುಗಳೇ.

ಶಿರಸಿ_ಸೋಗೆ
ಈ ದಪ್ಪದ ಗೋಳೇ ಬೇಡ. ಥರ್ಮಲ್ ಪುಟ್ಟಿ ತರಿಸಿ. ಮೆತ್ತಗೆ ಇರುತ್ತದೆ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲ. ಒಂದೊಂದು ಮೆಮರಿ ಚಿಪ್ಪಿನ ಮೇಲೆ ಗೋಲಿಯಷ್ಟು ಇಡಿ. ಒತ್ತಿದರೆ ಎಷ್ಟು ಜಾಗ ಇದೆಯೋ ಅಷ್ಟಕ್ಕೆ ಹರಡಿಕೊಳ್ಳುತ್ತದೆ, ಹೀಟ್‌ಸಿಂಕನ್ನು ಎತ್ತಿ ಹಿಡಿಯುವುದಿಲ್ಲ.

ಚಿಪ್ಪಿಗೆ ಪೇಸ್ಟ್ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ. ಸುಮಾರು 45 ಡಿಗ್ರಿಗೆ ಕರಗಿ ಕೂರುತ್ತದೆ, ಪೇಸ್ಟಿನ ಹಾಗೆ ಅಂಚಿಗೆ ಸರಿದುಹೋಗುವುದಿಲ್ಲ. ಹಚ್ಚುವ ಮುಂಚೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ನಿಮ್ಮೂರ ಬಿಸಿಲಿಗೆ ಪ್ಲಾಸ್ಟಿಕ್ ಪದರ ಬಿಡಿಸುವಾಗಲೇ ಬೆರಳಿಗೆ ಅಂಟುತ್ತದೆ. ನಕಲಿ ತುಂಬ ಇದೆ, ನೋಡಿ ತಗೊಳ್ಳಿ.

ಮಲ್ಲಿಗೆ_ಇಡ್ಲಿ
ಲಿಕ್ವಿಡ್ ಮೆಟಲ್ ಹಾಕಿದರೆ ಇನ್ನೂ ತಂಪು ಅಂತ ಕೇಳಿದ್ದೇನೆ.

ಪಡುವಣ_ಗಾಳಿ
ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅಲ್ಯೂಮಿನಿಯಂ ತಾಗಿದರೆ ತಿಂದುಹಾಕುತ್ತದೆ. ಕರೆಂಟೂ ಹರಿಯುತ್ತದೆ, ಒಂದು ಹನಿ ಆಚೆ ಬಿದ್ದರೆ ಶಾರ್ಟ್. ಈಗ ತಾನೇ ಕೈ ನಡುಗುತ್ತಿದೆ ಅಂದವರಿಗೆ ಇದನ್ನು ಹೇಳುತ್ತೀರಲ್ಲ!

ದುಬೈ_ಗಿರ್ಮಿಟ್
ಹುಬ್ಬಳ್ಳಿಯವನು, ಈಗ ದುಬೈ. ಇಲ್ಲಿ ಹೊರಗೆ 45, ಒಳಗೆ ಎಸಿ 23. ನನ್ನ ಕಾರ್ಡು ರಜೆಯಲ್ಲಿ ಊರಿಗೆ ತಂದಾಗಲೇ ಜಾಸ್ತಿ ಬಿಸಿಯಾಗುವುದು. ಎಸಿ ಹಾಕಿಸಿ, ನಿಮಗೂ ಸುಖ.

ಬೆಸುಗೆ_ಅಜ್ಜ
2010ರಲ್ಲಿ ಜಿಟಿಎಕ್ಸ್ 480 ಕಾರ್ಡು ಬಂದಾಗ 250 ವ್ಯಾಟ್ ಅಂತ ಲೋಕವೇ ನಕ್ಕಿತ್ತು. ಅದರ ಮೇಲೆ ಆಮ್ಲೆಟ್ ಹಾಕುವ ಜೋಕು ನೋಡಿ ನೋಡಿ ಸಾಕಾಗಿತ್ತು. ಈಗಿನ ಆರ್‌ಟಿಎಕ್ಸ್ 5090 ತಿನ್ನುವುದು 575 ವ್ಯಾಟ್, ಯಾರೂ ನಗುತ್ತಿಲ್ಲ. ಅದರಲ್ಲಿ ಹಾಟ್‌ಸ್ಪಾಟಿನ ಅಂಕಿಯನ್ನು ತೋರಿಸುವುದನ್ನೇ ತೆಗೆದುಬಿಟ್ಟಿದ್ದಾರೆ. ಜ್ವರ ಜಾಸ್ತಿ ಆಯಿತು ಅಂತ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ.

ತೊಗರಿ_ಕಣಜ
ಎಸಿ ಈಗ ಆಗಲ್ಲ. ದೊಡ್ಡ ಏರ್ ಕೂಲರ್ ಇದೆ, ಹುಲ್ಲಿನ ಪ್ಯಾಡಿನದು. ಅದನ್ನು ಕಂಪ್ಯೂಟರಿನ ಕಡೆ ತಿರುಗಿಸಲಾ? ಪುಟ್ಟಿ, ಹಾಳೆ ಎರಡೂ ಆರ್ಡರ್ ಮಾಡಿದೆ.

ಹರವಿ_ನೀರು
ಇದರಲ್ಲಿ ನನಗೆ ಅನುಭವ ಇದೆ. ನೇರ ತಿರುಗಿಸಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಕೂಲರ್ ಗಾಳಿಯಲ್ಲಿ ಸಣ್ಣ ಹನಿ ಬರುತ್ತವೆ, ಆರಿದ ಮೇಲೆ ಬಿಳಿ ಪುಡಿ. ನನ್ನ ಫ್ಯಾನಿನ ರೆಕ್ಕೆ ಮೇಲೆ ವಿಭೂತಿ ಹಚ್ಚಿದ ಹಾಗೆ ಕೂತಿತ್ತು. ಕೂಲರನ್ನು ಕಿಟಕಿಯ ಹೊರಗಿಟ್ಟು ಎದುರು ಗೋಡೆಯ ಬಾಗಿಲು ಸ್ವಲ್ಪ ತೆರೆದಿಡಿ. ಒದ್ದೆ ಗಾಳಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಗಂಟೆ ಕಳೆದ ಮೇಲೆ ಕೂಲರೂ ಕೆಲಸ ಮಾಡಲ್ಲ. ಒಣ ಬಿಸಿಲಲ್ಲಿ ನನ್ನ ಕೋಣೆ ಏಳೆಂಟು ಡಿಗ್ರಿ ಇಳಿಯುತ್ತದೆ, ಅಷ್ಟೂ ಕಾರ್ಡಿನಲ್ಲೂ ಇಳಿಯುತ್ತದೆ.

ಅಂಕಗಣಿತ_ಮೇಷ್ಟ್ರು
ನೋಡಿದಿರಾ, ಹರವಿಯ ವಿಚಾರವೇ ಕೂಲರ್ ರೂಪದಲ್ಲಿ ವಾಪಸ್ ಬಂತು. ಆರುವ ಮೈ ದೊಡ್ಡದಾಯಿತು, ಲೆಕ್ಕ ಕೂಡಿತು.

ಪಡುವಣ_ಗಾಳಿ
ಕರಾವಳಿಯವರು ಇದನ್ನು ಓದಿ ಕೂಲರ್ ತರಬೇಡಿ. ನಮ್ಮಲ್ಲಿ ಬರೀ ಬೆವರು ಹೆಚ್ಚಾಗುತ್ತದೆ.

*(ಒಂದು ವಾರ ಬಿಟ್ಟು)*

ತೊಗರಿ_ಕಣಜ
ಮುಗಿಯಿತು. ಗಾಜು ತೆಗೆದು ಅಲ್ಲಿ ಸೊಳ್ಳೆ ಪರದೆಯ ಜಾಲರಿ ಅಂಟಿಸಿದೆ, ಹತ್ತು ರೂಪಾಯಿ ಖರ್ಚು. ಮೆಮರಿಗೆ ಪುಟ್ಟಿ, ಚಿಪ್ಪಿಗೆ ಹಾಳೆ. ಬಿಚ್ಚಿದಾಗ ಅಜ್ಜ ಹೇಳಿದ ಹಾಗೇ ಪೇಸ್ಟು ಗುಡ್ಡೆಯಾಗಿ ಕೂತಿತ್ತು, ನನ್ನ ಬೆರಳ ಗುರುತೂ ಹಾಗೇ ಇತ್ತು. ಮೊದಲ ದಿನ ಅಷ್ಟೇನೂ ಇಳಿಯಲಿಲ್ಲ, ನಾಲ್ಕೈದು ಸಲ ಕಾದು ತಣ್ಣಗಾದ ಮೇಲೆ ಹಾಳೆ ಸರಿಯಾಗಿ ಕೂತಿತು.

ಈಗ 850 ಮಿಲಿವೋಲ್ಟಿನಲ್ಲಿ, ಕೋಣೆ 37, ಕೂಲರ್ ಇಲ್ಲದೆ: ಕೋರ್ 68, ಹಾಟ್‌ಸ್ಪಾಟ್ 80, ಮೆಮರಿ 86. ಫ್ಯಾನು 60 ಪರ್ಸೆಂಟ್. ಕೂಲರ್ ಹಾಕಿದರೆ ಇನ್ನೂ ಏಳು ಕಡಿಮೆ. ದೊಡ್ಡ ರೆಂಡರನ್ನೆಲ್ಲ ರಾತ್ರಿ ಹನ್ನೊಂದರ ಮೇಲೆ ಹಾಕುತ್ತೇನೆ. ಒಟ್ಟು ಖರ್ಚು ನಾಲ್ಕು ಸಾವಿರದೊಳಗೆ, ದಂಡವಾದ 2 ಎಂಎಂ ಪ್ಯಾಡೂ ಸೇರಿ.

ಕೊಳಾಯಿ_ಕೆಲಸ
ಉಳಿದ 21 ಸಾವಿರಕ್ಕೆ ಲೂಪ್ ಹಾಕಿಸಬಹುದಲ್ಲ 🙂

ತೊಗರಿ_ಕಣಜ
ಅಮ್ಮ ಆಗಲೇ ಕೇಳಿದಳು. ಹೊಸ ಮಿಕ್ಸಿ ಬರುತ್ತಿದೆ. ಅದರ ಶಬ್ದ ಇದಕ್ಕಿಂತ ಜಾಸ್ತಿ ಇದೆಯಂತೆ.

ಉಕ್ಕಡ_ಹುಡುಗ
ಆ 2 ಎಂಎಂ ಪ್ಯಾಡು ಉಳಿದಿದ್ದರೆ ನನಗೆ ಕೊಡ್ತೀರಾ?